ಬೇಸ್‌ಎಕ್ಸ್: ಸಾವಿರಾರು ಪುಟಾಣಿ ಎಕ್ಸ್‌ಎಂಎಲ್ ಫೈಲ್‌ಗಳಿಗೆ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ನಿಘಂಟಿನಲ್ಲಿ ಒಂದು ಪದಕ್ಕೆ ಒಂದು ಎಕ್ಸ್‌ಎಂಎಲ್ ಫೈಲ್, ಅಂದರೆ ಮಾಹಿತಿಯನ್ನು ಟ್ಯಾಗ್‌ಗಳ ನಡುವೆ ಬರೆದಿಡುವ ಪಠ್ಯ ಫೈಲ್. ನಾಲ್ಕಾರು ಜನ ತಿದ್ದುವ ಕೆಲಸ. ಹೀಗಿದ್ದರೆ ಒಬ್ಬರ ತಿದ್ದುಪಡಿ ಇನ್ನೊಬ್ಬರದಕ್ಕೆ ಅಡ್ಡ ಬರುವುದಿಲ್ಲ. ಕಷ್ಟ ಇರುವುದು ಎಲ್ಲವನ್ನೂ ಸೇರಿಸಿ ಒಂದೇ ಪುಸ್ತಕ ಮಾಡುವಾಗ. ಒಂದೊಂದು ಫೈಲೂ ಒಂದೆರಡು ಕೆಬಿ ಅಷ್ಟೇ, ಆದರೆ ಪ್ರತಿಯೊಂದನ್ನೂ ತೆರೆಯಬೇಕು, ಪಾರ್ಸ್ ಮಾಡಬೇಕು (ಓದಿ ಅದರ ರಚನೆ ಬಿಡಿಸಬೇಕು), ಮುಚ್ಚಬೇಕು. ಒಂದು ಅಲ್ಪವಿರಾಮ ಬದಲಾದರೂ ಎಲ್ಲ ಮೊದಲಿಂದ.

ಬೇಸ್‌ಎಕ್ಸ್ ಹಿಡಿದದ್ದು ಅದಕ್ಕೇ. ಜರ್ಮನಿಯ ಕಾನ್‌ಸ್ಟಾಂಜ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಉಚಿತ ಎಕ್ಸ್‌ಎಂಎಲ್ ಡೇಟಾಬೇಸ್ ಇದು. ಅನುದಾನವಿಲ್ಲದೆ ನಡೆಯುವ ನಮಗೆ ಅದೇ ದೊಡ್ಡ ಮಾತು. ಫೈಲ್ ಒಮ್ಮೆ ಪಾರ್ಸ್ ಆಯಿತೆಂದರೆ ಅದರ ರಚನೆ ಡಿಸ್ಕ್‌ನಲ್ಲೇ ಉಳಿಯುತ್ತದೆ, ನಾಳೆ ಮತ್ತೆ ಪಾರ್ಸ್ ಮಾಡುವ ಪ್ರಮೇಯವಿಲ್ಲ. ಮೊದಲ ಸಲ ತುಂಬುವಾಗ ಇಂಟ್‌ಪಾರ್ಸ್ (INTPARSE) ಎಂಬ ಆಯ್ಕೆ ಆನ್ ಮಾಡಿ. ಜಾವಾದ ಪಾರ್ಸರ್ ಬದಲು ಅದರದೇ ಪಾರ್ಸರ್ ಓಡುತ್ತದೆ. ಚಿಕ್ಕ ಫೈಲ್‌ಗಳಿಗೆ ಅದೇ ಚುರುಕು.

ದಿನಾ ಬೆಳಿಗ್ಗೆ ಗಿಟ್ ಪುಲ್ ಮಾಡಿ (ಎಲ್ಲರ ತಿದ್ದುಪಡಿಗಳನ್ನು ನನ್ನ ಕಂಪ್ಯೂಟರ್‌ಗೆ ಇಳಿಸಿಕೊಂಡು), ಬದಲಾದ ಫೈಲ್‌ಗಳ ಪಟ್ಟಿಯನ್ನು ಸ್ಕ್ರಿಪ್ಟ್‌ಗೆ ಕೊಡುತ್ತೇನೆ. ಅಷ್ಟನ್ನು ಮಾತ್ರ ಬೇಸ್‌ಎಕ್ಸ್‌ನ ಡಿಬಿ:ಪುಟ್ ಎಂಬ ಫಂಕ್ಷನ್ ಹೊಸದಾಗಿ ಇಡುತ್ತದೆ. ಪರದೆ ಮೇಲೆ ಹೆಸರುಗಳು ಒಂದೊಂದೇ ಬರುತ್ತವೆ: ಅಗಸೆ, ಅಟ್ಟ, ಕಣಜ. ರಾತ್ರಿ ಯಾರು ಯಾವ ಪದ ಹಿಡಿದು ಕೂತಿದ್ದರು ಅಂತ ತಿಳಿಯುತ್ತದೆ. ಈ ಹೊತ್ತು ನನಗೆ ತುಂಬಾ ಇಷ್ಟ.

ಬೇಸರ ತರಿಸುವುದು ಇಂಡೆಕ್ಸ್, ಅಂದರೆ ಬೇಗ ಹುಡುಕಲೆಂದು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ. ಹಾಗೇ ಬಿಟ್ಟರೆ, ಒಂದೇ ಫೈಲ್ ಬದಲಾದರೂ ಟೆಕ್ಸ್ಟ್ ಮತ್ತು ಆಟ್ರಿಬ್ಯೂಟ್ (ಟ್ಯಾಗ್‌ನೊಳಗೆ ಬರೆದ ಮಾಹಿತಿ) ಇಂಡೆಕ್ಸ್‌ಗಳು ಹಳೆಯವೆಂದು ಪಕ್ಕಕ್ಕೆ ಸರಿಯುತ್ತವೆ. ಉತ್ತರವೇನೋ ಸರಿಯಾಗಿಯೇ ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ನಮ್ಮಲ್ಲಿ ಪದಪದಕ್ಕೂ ‘ಇದನ್ನೂ ನೋಡಿ’ ಇರುತ್ತದೆ. ಇಂಡೆಕ್ಸ್ ಇಲ್ಲದಿದ್ದರೆ ಅಂಥ ಒಂದೊಂದು ಕೊಂಡಿಗೂ ಇಡೀ ಡೇಟಾಬೇಸ್ ಜಾಲಾಡುತ್ತದೆ. ಪಾರ್ಸಿಂಗ್‌ನಲ್ಲಿ ಉಳಿಸಿದ ಸಮಯವೆಲ್ಲ ಅಲ್ಲಿ ಹೋಯಿತು! ಇಷ್ಟು ಮುಖ್ಯವಾದ ಸಂಗತಿಗೆ ಒಂದು ಎಚ್ಚರಿಕೆ ಸಾಲು ಬೇಕೇ ಬೇಕಿತ್ತು. ಈಗಂತೂ ಇನ್ಫೋ ಕಿಟಕಿಯಲ್ಲಿ ಇಂಡೆಕ್ಸ್ ಬಳಕೆಯಾಗಿದೆಯೇ ಎಂದು ನಾವೇ ನೋಡಿಕೊಳ್ಳಬೇಕು.

ಪರಿಹಾರ ಇದೆ: ಡೇಟಾಬೇಸ್ ಕಟ್ಟುವಾಗಲೇ ಅಪ್‌ಡ್‌ಇಂಡೆಕ್ಸ್ (UPDINDEX) ಎಂಬ ಆಯ್ಕೆ ಆನ್ ಮಾಡಿ, ಪ್ರತಿ ಬದಲಾವಣೆಗೂ ಇಂಡೆಕ್ಸ್ ತಾನೇ ಹೊಸದಾಗುತ್ತದೆ. ಬರೆಯುವಾಗ ತುಸು ನಿಧಾನವಾದರೂ ನಾವು ದಿನಕ್ಕೆ ಬದಲಿಸುವುದು ಕೆಲವೇ ಫೈಲ್, ಆದ್ದರಿಂದ ನನಗೆ ಒಪ್ಪಿಗೆ. ಫುಲ್‌ಟೆಕ್ಸ್ಟ್ ಇಂಡೆಕ್ಸ್‌ಗೆ ಇದು ಅನ್ವಯಿಸುವುದಿಲ್ಲ. ಅದಕ್ಕೆ ಸಂಜೆ, ಇಂಡೆಕ್ಸ್ ಮತ್ತೆ ಕಟ್ಟುವ ಆಪ್ಟಿಮೈಜ್ ಆಜ್ಞೆ ಓಡಿಸುತ್ತೇನೆ. ಇಷ್ಟು ಮಾಡಿಕೊಂಡ ಮೇಲೆ ಬೇರೆ ಯಾವುದನ್ನೂ ಹುಡುಕಿಕೊಂಡು ಹೋಗಬೇಕು ಅನ್ನಿಸಿಲ್ಲ.

ಫೋಲ್ಡರ್‌ನಲ್ಲಿ ಅಳಿಸಿದ ಫೈಲ್ ಡೇಟಾಬೇಸ್‌ನಿಂದ ತಾನಾಗಿ ಹೋಗುವುದಿಲ್ಲ, ಅದಕ್ಕೆ ಡಿಬಿ:ಡಿಲೀಟ್ ಬೇರೆ ಬೇಕು. ಹಳೆಯ ಸ್ಕ್ರಿಪ್ಟ್ ಇರುವವರು ಗಮನಿಸಿ: 10ನೇ ಆವೃತ್ತಿಯಿಂದ ಡಿಬಿ:ರಿಪ್ಲೇಸ್ ಹೋಗಿ ಡಿಬಿ:ಪುಟ್ ಬಂದಿದೆ, ಡಿಬಿ:ಓಪನ್ ಈಗ ಡಿಬಿ:ಗೆಟ್.