ಪಿಯುಸಿ ಓದಿದವರಿಗೆ ಫೌಂಡೇಶನ್ ವರ್ಷ ಕಡ್ಡಾಯ ಎನ್ನುವವರನ್ನು ನಂಬಬೇಡಿ

ಬ್ರಿಟನ್ನಿನಲ್ಲಿ ಸಮಾಜಶಾಸ್ತ್ರ ಓದಬೇಕೆಂದು ಹೊರಟಿರುವ ನಮ್ಮ ಕಡೆಯ ಮಕ್ಕಳು, ಅವರ ತಂದೆತಾಯಿಗಳು ದಯವಿಟ್ಟು ಇದನ್ನು ಪೂರ್ತಿ ಓದಿ. "ನಿಮ್ಮದು ಸ್ಟೇಟ್ ಬೋರ್ಡ್ ಪಿಯುಸಿ, ನೇರವಾಗಿ ಪದವಿಗೆ ಸೀಟು ಸಿಗುವುದಿಲ್ಲ, ಮೊದಲು ಒಂದು ಫೌಂಡೇಶನ್ ವರ್ಷ, ಅಂದರೆ ಪದವಿಗೆ ಮುಂಚಿನ ತಯಾರಿಯ ಕೋರ್ಸು, ಮಾಡಲೇಬೇಕು" ಎಂದು ಯಾವುದೇ ಕನ್ಸಲ್ಟೆನ್ಸಿಯವರು ಹೇಳಿದರೆ ಅಲ್ಲಿಗೇ ನಿಲ್ಲಿಸಿ. ಸಹಿ ಹಾಕಬೇಡಿ, ಹಣ ಕಟ್ಟಬೇಡಿ. ನನಗೆ ಹೇಳಿದ್ದೂ ಇದೇ ಮಾತು. ಅದು ಸುಳ್ಳೆಂದು ಗೊತ್ತಾಗುವ ಹೊತ್ತಿಗೆ ಒಂದು ವರ್ಷ ಹೋಗಿತ್ತು, ಅಪ್ಪ ಮನೆಪತ್ರ ಅಡವಿಟ್ಟು ತಂದ ಸಾಲದಲ್ಲಿ ದೊಡ್ಡ ಪಾಲೂ ಹೋಗಿತ್ತು.

ನಾನು ತುಮಕೂರು ಜಿಲ್ಲೆಯವಳು. 2023ರಲ್ಲಿ ಎಚ್‌ಇಪಿಎಸ್ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ) ತೆಗೆದುಕೊಂಡು ದ್ವಿತೀಯ ಪಿಯುಸಿ ಮುಗಿಸಿದೆ. ಶೇಕಡ 91 ಬಂದಿತ್ತು, ಸಮಾಜಶಾಸ್ತ್ರದಲ್ಲಿ ಕಾಲೇಜಿಗೇ ಮೊದಲು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 6.5 ಇತ್ತು. ಇಷ್ಟನ್ನೂ ಹಿಡಿದುಕೊಂಡು ಅಪ್ಪ ಮತ್ತು ನಾನು ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಗೋಡೆಯ ತುಂಬ ವೀಸಾ ಸಿಕ್ಕ ಮಕ್ಕಳ ಫೋಟೊಗಳು, ಮೇಜಿನ ಮೇಲೆ ಹೊಳೆಯುವ ಕೈಪಿಡಿಗಳು. ಕೌನ್ಸೆಲರ್ ಒಬ್ಬರು ನನ್ನ ಅಂಕಪಟ್ಟಿಯನ್ನು ನೋಡಿದರು. ನೋಡಿದರು ಎನ್ನುವುದಕ್ಕಿಂತ ತಿರುಗಿಸಿ ಇಟ್ಟರು. "ಪಿಯು ಬೋರ್ಡಾ? ಹಾಗಾದರೆ ಫೌಂಡೇಶನ್" ಎಂದರು.

ನಾವು ಕೇಳಲಿಲ್ಲ ಎಂದು ಯಾರೂ ತಿಳಿಯಬೇಡಿ. ಕೇಳಿದೆವು. ಅಪ್ಪ ಹೈಸ್ಕೂಲು ಮೇಷ್ಟ್ರು, ಅವರಿಗೆ ಪ್ರಶ್ನೆ ಕೇಳಿ ಅಭ್ಯಾಸ. "ಮೇಡಂ, ಮೂರು ವರ್ಷದ ಪದವಿಗೆ ನೇರವಾಗಿ ಒಂದು ಅರ್ಜಿ ಹಾಕಿ ನೋಡೋಣ, ಸಿಗದಿದ್ದರೆ ಇದು ಇದ್ದೇ ಇದೆಯಲ್ಲ" ಎಂದು ನನ್ನ ಎದುರಿಗೇ ಹೇಳಿದರು. ಅವರು ನಕ್ಕು, "ಆಯ್ತು ಸರ್, ಎರಡಕ್ಕೂ ಹಾಕುತ್ತೇವೆ, ನಿಮ್ಮ ಸಮಾಧಾನಕ್ಕೆ" ಎಂದರು. ಕೆಲವು ದಿನಗಳ ಮೇಲೆ ಫೋನ್ ಬಂತು. "ಡೈರೆಕ್ಟ್ ರಿಜೆಕ್ಟ್ ಆಯಿತು ಸರ್. ನಾನು ಮೊದಲೇ ಹೇಳಿರಲಿಲ್ಲವೇ? ಫೌಂಡೇಶನ್ ಆಫರ್ ಮಾತ್ರ ಬಂದಿದೆ. ಸೀಟು ಕಡಿಮೆ ಇವೆ, ಈ ವಾರವೇ ಡೆಪಾಸಿಟ್ ಕಟ್ಟಿಬಿಡಿ." ಆ ರಾತ್ರಿ ನಾನು ಅತ್ತಿದ್ದೆ. ನನ್ನ ಅಂಕಗಳು ಸಾಲದಾದವು ಎಂದು ಅತ್ತಿದ್ದೆ. ಇದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆ ಫೌಂಡೇಶನ್ ನಡೆಸುತ್ತಿದ್ದುದು ವಿಶ್ವವಿದ್ಯಾಲಯವಲ್ಲ, ಅದರ ಹೆಸರು ಹಾಕಿಕೊಂಡು ಕ್ಯಾಂಪಸ್ಸಿನ ಪಕ್ಕದಲ್ಲಿ ಕಾಲೇಜು ನಡೆಸುವ ಒಂದು ಖಾಸಗಿ ಕಂಪನಿ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಶುಲ್ಕ 16,000 ಪೌಂಡಿನ ಮೇಲೆ. ತರಗತಿಯಲ್ಲಿ ಇದ್ದವರೆಲ್ಲ ಹೊರದೇಶದವರೇ. ಪ್ರಬಂಧ ಬರೆಯುವುದು ಹೇಗೆ, ಉಲ್ಲೇಖ ಕೊಡುವುದು ಹೇಗೆ, ಗುಂಪಿನಲ್ಲಿ ಚರ್ಚಿಸುವುದು ಹೇಗೆ ಎಂಬುದರಲ್ಲೇ ಅರ್ಧ ವರ್ಷ ಕಳೆಯಿತು. ಸಮಾಜಶಾಸ್ತ್ರ ಎಂದು ಕಲಿಸಿದ್ದು ಮಾರ್ಕ್ಸ್, ಡರ್ಖೈಮ್, ವೇಬರ್ ಪರಿಚಯ. ಇದನ್ನು ನಾನು ಪಿಯುಸಿಯಲ್ಲೇ ಓದಿದ್ದೆ. ಎಂ.ಎನ್. ಶ್ರೀನಿವಾಸರ ಸಂಸ್ಕೃತೀಕರಣ, ಪ್ರಬಲ ಜಾತಿ ಇವುಗಳ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವಳನ್ನು ಕೂರಿಸಿ "ಸಮಾಜ ಎಂದರೇನು" ಎಂದು ಕೇಳುತ್ತಿದ್ದರು. ಕಲಿಸಿದವರು ಒಳ್ಳೆಯವರು, ಅವರ ಮೇಲೆ ನನಗೆ ಕೋಪವಿಲ್ಲ. ನಾನು ಅಲ್ಲಿ ಕೂರಬೇಕಾದವಳೇ ಅಲ್ಲ, ಅದು ನನ್ನ ಕೋಪ.

ಕೆಲಸದ ವಿಷಯದಲ್ಲೂ ಸುಳ್ಳು. "ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು ಸರ್, ಊಟ, ಬಾಡಿಗೆ ಅವಳೇ ನೋಡಿಕೊಳ್ಳುತ್ತಾಳೆ" ಎಂದು ಅಪ್ಪನಿಗೆ ಲೆಕ್ಕ ಬರೆದು ತೋರಿಸಿದ್ದರು. ತರಗತಿ ನಡೆಯುವ ದಿನಗಳಲ್ಲಿ 20 ಗಂಟೆ ಸಿಗುವುದು ಪದವಿ ಮಟ್ಟದ ಕೋರ್ಸಿಗೆ. ಅದಕ್ಕಿಂತ ಕೆಳಗಿನ ಮಟ್ಟದ ಕೋರ್ಸಾದರೆ 10 ಗಂಟೆ, ಕೆಲವು ಖಾಸಗಿ ಕಾಲೇಜುಗಳು ವೀಸಾ ಪ್ರಾಯೋಜಕರಾಗಿದ್ದರೆ ಅದೂ ಇಲ್ಲ. ನನಗೆ ಸಿಕ್ಕಿದ್ದು 10. ಲೆಕ್ಕ ಬರೆದು ತೋರಿಸಿದವರಿಗೆ ಇದು ಗೊತ್ತಿರಲಿಲ್ಲವೇ? ದಿನಾ ಇದೇ ಕಸುಬು ಮಾಡುವವರಿಗೆ?

ವೀಸಾ ಕೂಡ ಒಂದು ವರ್ಷಕ್ಕೆ ಮಾತ್ರ ಕೊಡಿಸಿದ್ದರು. ಹೀಗಾಗಿ ಪದವಿಗೆಂದು 2024ರಲ್ಲಿ ಮತ್ತೆ ಅರ್ಜಿ, ಮತ್ತೆ ಶುಲ್ಕ. ನಾನು ಬರುವಾಗ ವಿದ್ಯಾರ್ಥಿ ವೀಸಾ ಶುಲ್ಕ 363 ಪೌಂಡ್ ಇತ್ತು, ಆ ಹೊತ್ತಿಗೆ 490 ಆಗಿತ್ತು. ಆರೋಗ್ಯ ಸೇವೆಗೆಂದು ಕಟ್ಟಿಸಿಕೊಳ್ಳುವ ಸರ್‌ಚಾರ್ಜ್ ವರ್ಷಕ್ಕೆ 470 ಇದ್ದದ್ದು 2024ರ ಫೆಬ್ರವರಿಯಿಂದ 776 ಆಗಿತ್ತು, ಅದನ್ನು ಇಡೀ ಪದವಿಯ ಅವಧಿಗೆ ಒಟ್ಟಿಗೆ ಕಟ್ಟಬೇಕು. 2023ರಲ್ಲೇ ಪದವಿಗೆ ಬಂದಿದ್ದರೆ ಹಳೆಯ ದರದಲ್ಲೇ ಮುಗಿಯುತ್ತಿತ್ತು. ಇನ್ನೊಂದು ಪೆಟ್ಟು ಮುಂದೆ ಕಾದಿದೆ. ಪದವಿ ಮುಗಿದ ಮೇಲೆ ಅಲ್ಲಿ ಉಳಿದು ಕೆಲಸ ಹುಡುಕಲು ಕೊಡುವ ವೀಸಾ ಎರಡು ವರ್ಷದ್ದು. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವೀಧರರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ. ನೇರವಾಗಿ ಸೇರಿದ್ದರೆ 2026ರಲ್ಲಿ ಮುಗಿಸಿ ಎರಡು ವರ್ಷ ಪಡೆಯುತ್ತಿದ್ದೆ. ಈಗ ನನ್ನ ಪದವಿ ಮುಗಿಯುವುದೇ 2027ಕ್ಕೆ. ಬೇಡದ ಆ ಒಂದು ವರ್ಷ ಮುಂದಿನ ಆರು ತಿಂಗಳನ್ನೂ ತಿಂದುಹಾಕಿತು.

ಇನ್ನು ನನಗೆ ವಿಷಯ ತಿಳಿದದ್ದು ಹೇಗೆಂದು ಹೇಳುತ್ತೇನೆ. ಪದವಿಯ ತರಗತಿಗೆ ಹೋಗತೊಡಗಿದ ಮೇಲೆ ದಾವಣಗೆರೆಯ ಹುಡುಗಿಯೊಬ್ಬಳ ಪರಿಚಯವಾಯಿತು. ಅದೇ ವಿಶ್ವವಿದ್ಯಾಲಯ, ಅದೇ ಸಮಾಜಶಾಸ್ತ್ರ, ಅದೇ ಕರ್ನಾಟಕ ಪಿಯು ಮಂಡಳಿ. ಅಂಕ ನನಗಿಂತ ಕಡಿಮೆ. "ನೀನು ಫೌಂಡೇಶನ್ ಎಲ್ಲಿ ಮಾಡಿದೆ?" ಎಂದು ಕೇಳಿದೆ. "ಯಾವ ಫೌಂಡೇಶನ್?" ಎಂದಳು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್ ಜಾಲತಾಣದಲ್ಲಿ ತಾನೇ ಅರ್ಜಿ ಹಾಕಿ ನೇರವಾಗಿ ಬಂದಿದ್ದಳು. ಅವಳ ಎದುರಿಗೆ ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಆದರೂ ಆಗ ನನ್ನ ಮನಸ್ಸು ಹೇಳಿದ್ದು, ನನ್ನದು ರಿಜೆಕ್ಟ್ ಆಗಿತ್ತಲ್ಲ, ಏನೋ ಕಾರಣ ಇರಬೇಕು ಎಂದೇ.

ಆ ಕಾರಣವೇನೆಂದು ವಿಶ್ವವಿದ್ಯಾಲಯಕ್ಕೆ ಬರೆದು ಕೇಳಿದೆ. ಒಂದು ಸಂಸ್ಥೆ ನಮ್ಮ ಬಗ್ಗೆ ಇಟ್ಟುಕೊಂಡಿರುವ ದಾಖಲೆಗಳ ಪ್ರತಿ ಕೇಳುವ ಹಕ್ಕು ಅಲ್ಲಿನ ದತ್ತಾಂಶ ಸಂರಕ್ಷಣಾ ಕಾನೂನಿನಲ್ಲಿದೆ; ಸಾಮಾನ್ಯವಾಗಿ ಒಂದು ತಿಂಗಳೊಳಗೆ, ಶುಲ್ಕವಿಲ್ಲದೆ ಕೊಡಬೇಕು. ಕೊಟ್ಟರು. ನನ್ನ ಹೆಸರಿನಲ್ಲಿ ಇದ್ದದ್ದು ಒಂದೇ ಒಂದು ಅರ್ಜಿ, ಫೌಂಡೇಶನ್‌ಗೆ. ನೇರ ಪ್ರವೇಶಕ್ಕೆ ಅರ್ಜಿ ಹೋಗಿಯೇ ಇರಲಿಲ್ಲ. ರಿಜೆಕ್ಟ್ ಆಗುವುದಾದರೂ ಹೇಗೆ? ಹಾಕದ ಅರ್ಜಿ ರಿಜೆಕ್ಟ್ ಆಯಿತು ಎಂದು ಒಬ್ಬ ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದ್ದರು!

ಅದಕ್ಕಿಂತ ಹೆಚ್ಚಿನದು ಆ ಕಾಗದಗಳಲ್ಲೇ ಇತ್ತು. ಪ್ರವೇಶ ವಿಭಾಗದವರು ನನ್ನ ಅಂಕಗಳನ್ನು ನೋಡಿ ಕನ್ಸಲ್ಟೆನ್ಸಿಗೆ ಒಂದು ಇಮೇಲ್ ಕಳಿಸಿದ್ದರು: ಈ ವಿದ್ಯಾರ್ಥಿನಿ ಮೊದಲ ವರ್ಷಕ್ಕೇ ಅರ್ಹಳಾಗಿರುವಂತೆ ಕಾಣುತ್ತದೆ, ಅದನ್ನು ಪರಿಗಣಿಸಬೇಕೇ, ತಿಳಿಸಿ. ಅದಕ್ಕೆ ಉತ್ತರ ಒಂದೇ ಸಾಲು: ವಿದ್ಯಾರ್ಥಿನಿ ಮತ್ತು ಅವರ ಕುಟುಂಬದವರು ಫೌಂಡೇಶನ್ ಮಾರ್ಗವನ್ನೇ ಬಯಸುತ್ತಾರೆ. ನನ್ನ ಕುಟುಂಬದವರು! ಆ ಸಾಲನ್ನು ಎಷ್ಟು ಸಲ ಓದಿದೆನೋ. ಉತ್ತರ ಹೋಗಿದ್ದ ದಿನಾಂಕ, ಅಪ್ಪನಿಗೆ "ರಿಜೆಕ್ಟ್ ಆಯಿತು" ಎಂದು ಫೋನ್ ಬರುವುದಕ್ಕೆ ಮುಂಚಿನದು. ಆ ಇಮೇಲ್ ನನಗೇಕೆ ಬರಲಿಲ್ಲ ಎಂದರೆ, ಅರ್ಜಿಗೆಂದು ನನ್ನ ಹೆಸರಿನಲ್ಲಿ ಒಂದು ಇಮೇಲ್ ವಿಳಾಸವನ್ನು ಅವರೇ ತೆರೆದಿದ್ದರು. "ನಿಮಗೆ ತಲೆನೋವು ಬೇಡ" ಎಂದು. ಪಾಸ್‌ವರ್ಡ್ ಅವರ ಹತ್ತಿರವೇ.

ಅಪ್ಪ ಕನ್ಸಲ್ಟೆನ್ಸಿಗೆ ಫೋನ್ ಮಾಡಿದರು. ಅಲ್ಲಿಯವರ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ, ಏಕೆಂದರೆ ನಿಮಗೂ ಇವೇ ಸಿಗುತ್ತವೆ. ಮೊದಲು, "ಆ ಕೌನ್ಸೆಲರ್ ಈಗ ನಮ್ಮಲ್ಲಿಲ್ಲ ಸರ್." ಆಮೇಲೆ, "ಆಗಿನ ಪಾಲಿಸಿ ಬೇರೆ ಇತ್ತು ಸರ್." ಇಮೇಲಿನ ಪ್ರತಿ ಕಳಿಸಿದ ಮೇಲೆ, "ನಿಮ್ಮ ಮಗಳ ಒಳ್ಳೆಯದಕ್ಕೇ ಅಲ್ಲವೇ ಮಾಡಿದ್ದು? ಹಳ್ಳಿ ಕಡೆಯ ಮಗು, ಒಮ್ಮೆಲೇ ಅಲ್ಲಿ ಹೊಂದಿಕೊಳ್ಳುವುದು ಕಷ್ಟ." ಹಳ್ಳಿ ಕಡೆಯ ಮಗು ಎಂದರೆ ಏನರ್ಥ? 91 ತೆಗೆದ ಹುಡುಗಿಗೆ ತಲೆ ಇಲ್ಲವೆಂದೇ? ಕೊನೆಗೆ ಮಾಲೀಕರೇ ಮಾತಾಡಿದರು. "ಸರ್, ನಮ್ಮದು ಉಚಿತ ಸೇವೆ. ನಿಮ್ಮಿಂದ ಒಂದು ರೂಪಾಯಿ ತೆಗೆದುಕೊಂಡಿದ್ದೇವೆಯೇ ಹೇಳಿ?" ಅಪ್ಪ ಸುಮ್ಮನಾದರು. ಅವರು ಸುಮ್ಮನಾದದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಉಚಿತ ಸೇವೆ ಎನ್ನುವುದರ ಒಳಗುಟ್ಟು ಎಲ್ಲರಿಗೂ ಗೊತ್ತಿರಲಿ. ವಿದ್ಯಾರ್ಥಿಯನ್ನು ಸೇರಿಸಿದ್ದಕ್ಕೆ ಕಾಲೇಜು, ವಿಶ್ವವಿದ್ಯಾಲಯಗಳು ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅದು ಹುಟ್ಟುವುದು ನಾವು ಕಟ್ಟುವ ಶುಲ್ಕದಿಂದಲೇ. ಅಪ್ಪನ ಜೇಬಿನಿಂದ ಹೋದ ಹಣ ಅಲ್ಲಿಗೆ ಹೋಗಿ, ಸುತ್ತಿ ಬಂದು ಅದೇ ಬೆಂಗಳೂರಿನ ಕಚೇರಿಗೆ ಸೇರಿದೆ. ಒಂದು ರೂಪಾಯಿ ತೆಗೆದುಕೊಂಡಿಲ್ಲವಂತೆ. ಈ ಉಚಿತ ಎಂಬ ಮಾತಿನಿಂದಲೇ ಗ್ರಾಹಕರ ಆಯೋಗದಲ್ಲಿ ದೂರು ಕೊಡುವಾಗಲೂ ತೊಡಕು: ಹಣ ಕೊಡದೆ ಪಡೆದ ಸೇವೆಗೆ ನೀವು ಗ್ರಾಹಕರು ಹೇಗಾಗುತ್ತೀರಿ ಎಂದು ವಕೀಲರೇ ಮೊದಲು ಕೇಳಿದರು. ಇಂಗ್ಲೆಂಡ್ ಮತ್ತು ವೇಲ್ಸ್‌ನ ವಿದ್ಯಾರ್ಥಿಗಳ ದೂರು ಕೇಳುವ ಸ್ವತಂತ್ರ ಸಂಸ್ಥೆ ಒಂದಿದೆ, ಅದು ವಿಶ್ವವಿದ್ಯಾಲಯಗಳ ಮೇಲಿನ ದೂರು ಕೇಳುತ್ತದೆಯೇ ಹೊರತು ಬೆಂಗಳೂರಿನ ಏಜೆಂಟನನ್ನು ಕರೆದು ಕೇಳುವುದಿಲ್ಲ. ಆದರೂ ನಾವು ಬಿಟ್ಟಿಲ್ಲ. ವಿಶ್ವವಿದ್ಯಾಲಯಕ್ಕೆ ಲಿಖಿತ ದೂರು ಕೊಟ್ಟಿದ್ದೇವೆ, ಅವರೇ ನೇಮಿಸಿಕೊಂಡ ಏಜೆಂಟನಲ್ಲವೇ.

ಫೌಂಡೇಶನ್ ವರ್ಷವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ನನ್ನ ಈಗಿನ ತರಗತಿಯಲ್ಲಿ ವರ್ಷಗಟ್ಟಲೆ ವೃದ್ಧಾಶ್ರಮದಲ್ಲಿ ಕೆಲಸ ಮಾಡಿ, ಆಮೇಲೆ ವಿಶ್ವವಿದ್ಯಾಲಯದ್ದೇ ಫೌಂಡೇಶನ್ ಮೂಲಕ ಬಂದ ಅಲ್ಲಿಯವರೇ ಆದ ಹೆಂಗಸೊಬ್ಬರಿದ್ದಾರೆ. ಅವರಿಗೆ ಅದು ನಿಜವಾಗಿ ಬಾಗಿಲು ತೆರೆಯಿತು. ಸಮಾಜಶಾಸ್ತ್ರದಂಥ ವಿಷಯಗಳ ಫೌಂಡೇಶನ್‌ಗೆ ಇಂಗ್ಲೆಂಡಿನ ವಿದ್ಯಾರ್ಥಿಗಳಿಂದ 5,760 ಪೌಂಡಿಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು 2025-26ರಿಂದ ಮಿತಿಯನ್ನೂ ಹಾಕಿದ್ದಾರೆ. ನಮ್ಮಂಥ ಹೊರಗಿನವರಿಗೆ ಯಾವ ಮಿತಿಯೂ ಇಲ್ಲ, ಕೇಳಿದಷ್ಟು ಕಟ್ಟಬೇಕು. ಅಂಕ ಕಡಿಮೆ ಇದ್ದವರಿಗೆ, ವಿಷಯ ಬದಲಿಸುವವರಿಗೆ ಅದು ಬೇಕಾಗಬಹುದು. ಬೇಕೋ ಬೇಡವೋ ಎಂದು ಹೇಳಬೇಕಾದವರು ವಿಶ್ವವಿದ್ಯಾಲಯದವರು, ಕಮಿಷನ್ ತಿನ್ನುವವರಲ್ಲ.

ಹೊರಡುವವರಿಗೆ ನನ್ನ ಮಾತು ಇಷ್ಟೇ. ವಿಶ್ವವಿದ್ಯಾಲಯಗಳ ಜಾಲತಾಣದಲ್ಲಿ ಭಾರತದ ವಿದ್ಯಾರ್ಥಿಗಳಿಗೆಂದೇ ಒಂದು ಪುಟ ಇರುತ್ತದೆ. ಕೆಲವರು ಸಿಬಿಎಸ್‌ಇ, ಐಎಸ್‌ಸಿ ಮಾತ್ರ ಒಪ್ಪುತ್ತಾರೆ, ಕೆಲವರು ರಾಜ್ಯ ಮಂಡಳಿಗಳಿಂದ ಸ್ವಲ್ಪ ಹೆಚ್ಚು ಅಂಕ ಕೇಳುತ್ತಾರೆ. ಅದನ್ನು ನೀವೇ ಓದಿ, ಅರ್ಥವಾಗದಿದ್ದರೆ ಅಂಕಪಟ್ಟಿ ಲಗತ್ತಿಸಿ ಪ್ರವೇಶ ವಿಭಾಗಕ್ಕೆ ಬರೆದು ಕೇಳಿ. ಯುಕಾಸ್‌ನಲ್ಲಿ ನಿಮ್ಮದೇ ಇಮೇಲಿನಿಂದ ಖಾತೆ ತೆರೆಯಿರಿ, ಐದು ಕಡೆಗೆ ಅರ್ಜಿ ಹಾಕಬಹುದು. ಎಲ್300 ಎಂಬ ಕೋರ್ಸ್ ಸಂಕೇತ ಕಂಡರೆ ಅದು ಸಾಮಾನ್ಯವಾಗಿ ನೇರ ಮೂರು ವರ್ಷದ ಸಮಾಜಶಾಸ್ತ್ರ. ಇಮೇಲ್ ವಿಳಾಸ ನಾವೇ ಮಾಡಿಕೊಡುತ್ತೇವೆ ಎನ್ನುವ ಕಚೇರಿಯಿಂದ ಎದ್ದು ಬನ್ನಿ, ಕಾಫಿ ಕೊಟ್ಟರೂ ಕುಡಿಯಬೇಡಿ. ರಿಜೆಕ್ಟ್ ಆಯಿತು ಎಂದರೆ ವಿಶ್ವವಿದ್ಯಾಲಯದ ಪತ್ರ ತೋರಿಸಿ ಎನ್ನಿ.

ಈಗಾಗಲೇ ಅರ್ಜಿ ಹಾಕಿ ಕಾಯುತ್ತಿರುವವರು ನಾಳೆಯವರೆಗೆ ಕಾಯಬೇಡಿ. ನಿಮ್ಮ ಹೆಸರು, ಹುಟ್ಟಿದ ದಿನಾಂಕ ಕೊಟ್ಟು, ನನ್ನ ಹೆಸರಿನಲ್ಲಿ ಯಾವ ಯಾವ ಕೋರ್ಸಿಗೆ ಅರ್ಜಿ ಬಂದಿದೆ ಎಂದು ವಿಶ್ವವಿದ್ಯಾಲಯಕ್ಕೆ ಇವತ್ತೇ ಬರೆದು ಕೇಳಿ. ಡೆಪಾಸಿಟ್ ಕಟ್ಟುವುದು ಆ ಉತ್ತರ ಕೈಗೆ ಬಂದ ಮೇಲೆ.