ಸಂಬಳ ಜಪ್ತಿಗೆ ಸಲಹೆ: ಕಾಸರಗೋಡಿನ ಒಂದು ಉಚಿತ ಕಾನೂನು ನೆರವು ಕೇಂದ್ರ

ಫ್ರಿಜ್, ಟಿವಿಗಳ ಕಂತು ಕಟ್ಟಲಾಗದೆ ಕೋರ್ಟಿನ ಡಿಕ್ರಿ (ಬಾಕಿ ಹಣ ಕೊಡಬೇಕೆಂಬ ತೀರ್ಪು) ಬಂದಿದ್ದ ನನ್ನ ಭಾವನನ್ನು ಈ ಕೇಂದ್ರಕ್ಕೆ ಕರೆದೊಯ್ದಿದ್ದೆ. ಅಲ್ಲಿನ ವಕೀಲೆ ಸಂಬಳದ ಚೀಟಿಯನ್ನು ಮುಂದಿಟ್ಟುಕೊಂಡು, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಮೊದಲ 1,000 ರೂಪಾಯಿಯನ್ನೂ ಉಳಿದುದರಲ್ಲಿ ಮೂರರಲ್ಲಿ ಎರಡು ಪಾಲನ್ನೂ ಇಂತಹ ಸಾಲಕ್ಕೆ ಮುಟ್ಟುವಂತಿಲ್ಲವೆಂದೂ, 25,000 ರೂಪಾಯಿ ಸಂಬಳದಲ್ಲಿ ಹೆಚ್ಚೆಂದರೆ 8,000 ಜಪ್ತಿಯಾಗಬಹುದೆಂದೂ, ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಕಡಿತವಾದ ಮೇಲೆ ಅದು ನಿಲ್ಲಬೇಕೆಂದೂ ಪೆನ್ಸಿಲಿನಲ್ಲಿ ಲೆಕ್ಕ ಬರೆದು ತೋರಿಸಿದರು.

ಜಪ್ತಿ ನಿಂತ ಮಾತ್ರಕ್ಕೆ ಸಾಲ ತೀರುವುದಿಲ್ಲ, ಪಡೆದವರು ಕೊಡಲೇಬೇಕು ಎಂದು ಮುಖಕ್ಕೆ ಹೇಳಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಸಾಲಗಾರನನ್ನು ಸಮಾಧಾನಪಡಿಸಿ ಕಳುಹಿಸುವ ಸಲಹೆಯಿಂದ ಉಪಕಾರವಿಲ್ಲ. ಅರ್ಜಿ ನಮೂನೆ ಮಲಯಾಳದಲ್ಲಿ ಮಾತ್ರ ಇರುವುದು ದೊಡ್ಡ ಕೊರತೆ: ಮಂಜೇಶ್ವರ, ಕುಂಬಳೆ ಕಡೆಯಿಂದ ಬರುವ, ಕನ್ನಡ ಮಾಧ್ಯಮದಲ್ಲಿ ಓದಿದವರು ತಮಗೆ ಓದಲಾಗದ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ.