ಉತ್ತರದ ಕಾರ್ಡುಗಳು: ಪದವಿ ಭೌತಶಾಸ್ತ್ರ ತರಗತಿಯಲ್ಲಿ ದೀರ್ಘಕಾಲ ಬಳಸಿದ ಮೇಲೆ

ಪದವಿ ತರಗತಿಗಳಿಗೆ ಭೌತಶಾಸ್ತ್ರ ಕಲಿಸುವ ನಾನು, ವಿದ್ಯಾರ್ಥಿಗಳು ಕಾಗದದ ಕಾರ್ಡು ಎತ್ತಿ ತೋರಿಸುವ ಉತ್ತರಗಳನ್ನು ಮೊಬೈಲ್ ಕ್ಯಾಮೆರಾದಲ್ಲಿ ಓದಿಕೊಳ್ಳುವ ವ್ಯವಸ್ಥೆಯನ್ನು ಹಲವು ಸೆಮಿಸ್ಟರ್‌ಗಳಿಂದ ಬಳಸುತ್ತಿದ್ದೇನೆ. ಇಂಥ ಆ್ಯಪ್‌ಗಳ ಸೌಲಭ್ಯಗಳ ಪಟ್ಟಿ ಎಲ್ಲ ಕಡೆ ಸಿಗುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಹೇಳಬೇಕೆನಿಸಿರುವುದು ಒಂದೇ ಪ್ರಶ್ನೆಗೆ ವಿದ್ಯಾರ್ಥಿಗಳು ಕೊಡುವ ಮೊದಲ ಉತ್ತರಕ್ಕೂ, ತಮ್ಮೊಳಗೆ ಚರ್ಚಿಸಿದ ಮೇಲೆ ಕೊಡುವ ಎರಡನೆಯ ಉತ್ತರಕ್ಕೂ ನಡುವೆ ಸಿಗುವ ಎರಡು ಮೂರು ನಿಮಿಷಗಳ ವಿಚಾರ. ಈ ವ್ಯವಸ್ಥೆಯ ಪ್ರಯೋಜನವೆಲ್ಲ ಇರುವುದು ಆ ನಿಮಿಷಗಳಲ್ಲಿ. ನನ್ನನ್ನು ಅತಿಯಾಗಿ ಕಾಡಿದ ದೋಷವೂ ಅಲ್ಲೇ ಇದೆ.

ಕಾರ್ಡುಗಳನ್ನು ರೋಲ್ ನಂಬರಿನ ಕ್ರಮದಲ್ಲಿ ಮೇಜಿನ ಮೇಲೆ ಇಟ್ಟಿರುತ್ತೇನೆ. ಒಳಗೆ ಬರುವವರು ತಮ್ಮ ತಮ್ಮ ಕಾರ್ಡು ತೆಗೆದುಕೊಂಡು ಹೋಗಿ ಕೂರುತ್ತಾರೆ. ಕೊನೆಗೆ ಮೇಜಿನ ಮೇಲೆ ಉಳಿದದ್ದು ಗೈರುಹಾಜರಾದವರ ಕಾರ್ಡುಗಳು, ಆದ್ದರಿಂದ ಹಾಜರಿ ಕೂಗುವ ಹೊತ್ತು ಉಳಿಯುತ್ತದೆ. ಪ್ರತಿ ಕಾರ್ಡಿನಲ್ಲೂ ಬೇರೆ ಬೇರೆ ಆಕಾರದ ಕಪ್ಪು ಚಿತ್ರವಿದ್ದು, ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಅಕ್ಷರಗಳು ಬಹಳ ಸಣ್ಣದಾಗಿ ಅಚ್ಚಾಗಿರುತ್ತವೆ. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ವಿದ್ಯಾರ್ಥಿ ಕಾರ್ಡನ್ನು ಎದೆಮಟ್ಟಕ್ಕೆ ಹಿಡಿಯುತ್ತಾನೆ, ನಾನು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿನವರೆಗೆ ಮೊಬೈಲನ್ನು ನಿಧಾನವಾಗಿ ಆಡಿಸುತ್ತೇನೆ, ಪರದೆಯ ಮೇಲೆ ಒಂದೊಂದೇ ಹೆಸರು ಗುರುತಾಗುತ್ತಾ ಹೋಗುತ್ತದೆ. ಆಕಾರಗಳು ಬೇರೆ ಬೇರೆಯಾಗಿರುವುದರಿಂದ ಪಕ್ಕದವರು ಯಾವ ಉತ್ತರ ಹಿಡಿದಿದ್ದಾರೆಂದು ನೋಟಕ್ಕೆ ತಿಳಿಯುವುದಿಲ್ಲ. ಪಿಯುಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದು, ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಅಂಜಿಕೆಯಿಂದ ಬಾಯಿ ತೆರೆಯದೆ ಕೂರುವ ಹುಡುಗ ಹುಡುಗಿಯರಿಗೆ ಈ ಮರೆ ಎಷ್ಟು ದೊಡ್ಡ ಆಸರೆಯೆಂಬುದನ್ನು ನಾನು ಮೊದಲು ಊಹಿಸಿರಲಿಲ್ಲ.

ಖರ್ಚು ಜೆರಾಕ್ಸ್ ಅಂಗಡಿಯ ಬಿಲ್ಲಿಗೆ ಮುಗಿಯುತ್ತದೆ. ವಿದ್ಯಾರ್ಥಿಗಳ ಬಳಿ ಮೊಬೈಲ್ ಇರಬೇಕಾಗಿಲ್ಲ, ಯಾರ ಡೇಟಾ ಪ್ಯಾಕೂ ಖಾಲಿಯಾಗುವುದಿಲ್ಲ. ನಮ್ಮಂಥ ಕಾಲೇಜುಗಳಿಗೆ ಇದೇ ನಿರ್ಣಾಯಕ. ಒಂದು ಮಾತು ಮಾತ್ರ ನೆನಪಿರಲಿ: ಹೊಳೆಯುವ ಲ್ಯಾಮಿನೇಷನ್ ಬೇಡವೇ ಬೇಡ, ಟ್ಯೂಬ್‌ಲೈಟಿನ ಬೆಳಕು ಅದರ ಮೇಲೆ ಬಿದ್ದರೆ ಕ್ಯಾಮೆರಾ ಕಾರ್ಡನ್ನು ಗುರುತಿಸುವುದಿಲ್ಲ. ದಪ್ಪನೆಯ ಮಾಮೂಲಿ ಕಾಗದವೇ ಮೇಲು.

ಎರಡು ಸಲ ಉತ್ತರ ಪಡೆಯುವ ಈ ವಿಧಾನದ ಬೇರು ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಪಿಸಿದ ಸಹಪಾಠಿ ಬೋಧನೆಯಲ್ಲಿದೆ. ಪ್ರಶ್ನೆ ಕೇಳಬೇಕು, ಪ್ರತಿಯೊಬ್ಬರೂ ಒಂಟಿಯಾಗಿ ಯೋಚಿಸಿ ಉತ್ತರಿಸಬೇಕು. ಸರಿಯುತ್ತರ ಕೊಟ್ಟವರು ಸುಮಾರು ಶೇ. 30ರಿಂದ 70ರೊಳಗಿದ್ದರೆ ಪಕ್ಕದವರೊಂದಿಗೆ ವಾದಿಸಲು ಬಿಟ್ಟು, ಅದೇ ಪ್ರಶ್ನೆಗೆ ಮತ್ತೆ ಉತ್ತರ ಪಡೆಯಬೇಕು. ನಾನು ಪ್ರತಿ ವರ್ಷ ಕೇಳುವ ಪ್ರಶ್ನೆ, ತುಂಬಿದ ಲಾರಿಯೂ ಸಣ್ಣ ಕಾರೂ ಎದುರುಬದುರು ಡಿಕ್ಕಿ ಹೊಡೆದಾಗ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂಬುದು. ಎರಡು ವಸ್ತುಗಳು ಒಂದರ ಮೇಲೊಂದು ಹಾಕುವ ಬಲ ಸಮವೆನ್ನುವ ನ್ಯೂಟನ್ನನ ಮೂರನೆಯ ನಿಯಮವನ್ನು ತಡವರಿಸದೆ ಒಪ್ಪಿಸುವ ತರಗತಿಯಲ್ಲೂ ಹೆಚ್ಚಿನವರು ಲಾರಿಯದೇ ಹೆಚ್ಚೆಂದು ಕಾರ್ಡು ಹಿಡಿಯುತ್ತಾರೆ. ಆಮೇಲೆ ಶುರುವಾಗುವ ಗದ್ದಲಕ್ಕಾಗಿಯೇ ನಾನು ಈ ಕಾರ್ಡುಗಳನ್ನು ಬಿಟ್ಟಿಲ್ಲ. "ಲಾರಿಗೆ ಏನೂ ಆಗಿರಲ್ಲ, ಕಾರು ಅಪ್ಪಚ್ಚಿ ಆಗಿರುತ್ತೆ, ಬಲ ಹೇಗೆ ಸಮ ಆಗುತ್ತೆ ಹೇಳೇ" ಎಂದು ಒಬ್ಬಳು ಪಟ್ಟು ಹಿಡಿದರೆ, "ಬಲ ಒಂದೇ ಕಣೇ, ಕಾರಿನ ಮಾಸ್ ಕಮ್ಮಿ, ಅದಕ್ಕೇ ಅದರ ವೇಗ ಅಷ್ಟು ಬದಲಾಗೋದು" ಎಂದು ಇನ್ನೊಬ್ಬಳು ನೋಟ್‌ಪುಸ್ತಕದ ಹಿಂದಿನ ಹಾಳೆಯಲ್ಲಿ ಬಾಣ ಎಳೆದು ತೋರಿಸುತ್ತಾಳೆ. ನಾನು ಕರಿಹಲಗೆಯ ಮೇಲೆ ಬರೆಯುವ ಸಮೀಕರಣಕ್ಕಿಂತ ಆ ಮಾತು ಬೇಗ ಮನಸ್ಸಿಗೆ ಇಳಿಯುವುದನ್ನು ಎರಡನೆಯ ಸುತ್ತಿನ ಕಾರ್ಡುಗಳು ತೋರಿಸುತ್ತವೆ. ಅದಾದ ಮೇಲೆ, ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ (ಕಂಪ್ಯೂಟರ್ ಪರದೆಯಲ್ಲೇ ಮಾಡಿ ನೋಡುವ ವಿಜ್ಞಾನ ಪ್ರಯೋಗಗಳ ಸಂಗ್ರಹ) ಉಚಿತ ಡಿಕ್ಕಿ ಪ್ರಯೋಗವನ್ನು ಪ್ರೊಜೆಕ್ಟರಿನಲ್ಲಿ ಓಡಿಸಿ, ಸಂವೇಗದ ಬಾಣಗಳು ಬದಲಾಗುವುದನ್ನು ತೋರಿಸುತ್ತೇನೆ. ವಾದಕ್ಕೆ ಮೊದಲೇ ತೋರಿಸಿದರೆ ಅದು ಬರೀ ನೋಟವಾಗಿ ಕಳೆದುಹೋಗುತ್ತದೆ.

ಈಗ ದೋಷಕ್ಕೆ ಬರುತ್ತೇನೆ. ನಾನು ಬಳಸುವ ಆ್ಯಪ್, ಕಾರ್ಡುಗಳನ್ನು ಓದಿದೊಡನೆಯೇ ಯಾವ ಆಯ್ಕೆಗೆ ಎಷ್ಟು ಜನವೆಂಬ ಕಂಬಚಿತ್ರವನ್ನು ಎಲ್ಲರಿಗೂ ಕಾಣುವಂತೆ ಪ್ರೊಜೆಕ್ಟರಿನ ಪರದೆಯ ಮೇಲೆ ಎಬ್ಬಿಸಿಬಿಡುತ್ತದೆ. ನೋಡಲು ಆಕರ್ಷಕ, ತಪಾಸಣೆಗೆ ಬಂದವರಿಗೂ ಬಹಳ ಮೆಚ್ಚುಗೆ. ಆದರೆ ಎತ್ತರದ ಕಂಬ ಕಂಡ ಮೇಲೆ ವಿದ್ಯಾರ್ಥಿ ವಾದಿಸುವುದನ್ನು ನಿಲ್ಲಿಸಿ ಹೆಚ್ಚು ಜನ ಇರುವ ಕಡೆಗೆ ಸರಿಯುತ್ತಾನೆ. ಇದು ನನ್ನೊಬ್ಬನ ಅನಿಸಿಕೆಯಲ್ಲ. ಅಮೆರಿಕದ ಜೀವಶಾಸ್ತ್ರ ತರಗತಿಗಳಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚರ್ಚೆಗೆ ಮೊದಲು ಕಂಬಚಿತ್ರ ನೋಡಿದವರು ಬಹುಮತದ ಉತ್ತರಕ್ಕೆ ಬದಲಾಗುವ ಸಾಧ್ಯತೆ ಶೇ. 30ರಷ್ಟು ಹೆಚ್ಚಿತ್ತು. ಬಹುಮತವೇ ತಪ್ಪಾಗಿರುವ ಲಾರಿಯ ಪ್ರಶ್ನೆಯಲ್ಲಿ ಇದರ ಪರಿಣಾಮ ಏನೆಂದು ಹೇಳಬೇಕಾಗಿಲ್ಲ. ಆ ಚಿತ್ರವನ್ನು ಮರೆಮಾಡುವ ಗುಂಡಿ ಆ್ಯಪ್‌ನಲ್ಲಿ ಇದೆ, ಆದರೆ ಎಲ್ಲೋ ಒಳಗೆ. ಹೊಸ ತರಗತಿ ಸೇರಿಸಿದಾಗಲೆಲ್ಲ ಅದನ್ನು ಮತ್ತೆ ಹುಡುಕಿ ಒತ್ತಬೇಕು. ಬೋಧನೆಗೆಂದೇ ಮಾಡಿದ ಸಾಧನವೊಂದು ಬೋಧನೆಯ ಮುಖ್ಯ ಗಳಿಗೆಯನ್ನೇ ಅರಿಯದೆ ರೂಪುಗೊಂಡಿರುವುದು ನನಗೆ ನಿಜವಾಗಿಯೂ ಬೇಸರ ತಂದಿದೆ. ಈಗ ನಾನು ಎರಡನೆಯ ಸುತ್ತು ಮುಗಿಯುವವರೆಗೆ ಪ್ರೊಜೆಕ್ಟರನ್ನೇ ಮುಚ್ಚಿಟ್ಟು, ಪ್ರಶ್ನೆಯನ್ನು ಹಲಗೆಯ ಮೇಲೆ ಬರೆಯುತ್ತೇನೆ.

ವಿದ್ಯಾರ್ಥಿಗಳಿಂದಲೂ ಆಕ್ಷೇಪ ಬರುತ್ತದೆ: "ಸರ್, ಇವತ್ತು ಪಾಠವೇ ಆಗಲಿಲ್ಲ, ನೋಟ್ಸ್ ಕೊಡಿ" ಎನ್ನುತ್ತಾರೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳ ಬಗ್ಗೆ 2019ರಲ್ಲಿ ಪ್ರಕಟವಾದ ಸಂಶೋಧನೆಯಲ್ಲೂ, ಗುಂಪಿನಲ್ಲಿ ತಾವೇ ಸಮಸ್ಯೆ ಬಿಡಿಸುತ್ತಾ ಸಕ್ರಿಯವಾಗಿ ಕಲಿತವರು ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಕಲಿತಿದ್ದರೂ ತಾವು ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ಆದ್ದರಿಂದ ಸೆಮಿಸ್ಟರಿನ ಮೊದಲ ವಾರದಲ್ಲೇ ಈ ವಿಷಯ ಅವರಿಗೆ ತಿಳಿಸುತ್ತೇನೆ; 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಬರೀ ಉಪನ್ಯಾಸ ಕೇಳಿದವರು ಅನುತ್ತೀರ್ಣರಾಗುವ ಸಾಧ್ಯತೆ ಒಂದೂವರೆ ಪಟ್ಟು ಇತ್ತೆಂಬುದನ್ನೂ ಹೇಳುತ್ತೇನೆ. ಕೇಳಿದ ಮೇಲೆ ತಾಳ್ಮೆ ತೋರುತ್ತಾರೆ, ನೋಟ್ಸ್ ಕೇಳುವುದನ್ನು ಮಾತ್ರ ಬಿಡುವುದಿಲ್ಲ.

ಬಳಸುವುದು ಬಿಡುವುದು ನೀವು ಕಲಿಸುವ ವಿಷಯದ ಮೇಲೆ ನಿಂತಿದೆ. ಸೂತ್ರಗಳನ್ನು ಹಂತಹಂತವಾಗಿ ಸಾಧಿಸಿ ಬರೆಯುವ ದಿನ ಈ ಕಾರ್ಡುಗಳಿಂದ ಉಪಯೋಗವಿಲ್ಲ, ಹಲಗೆಯೇ ಬೇಕು. ಒಳ್ಳೆಯ ಪ್ರಶ್ನೆ ಬರೆಯಲು ಪಾಠದ ತಯಾರಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಏಕೆಂದರೆ ತಪ್ಪು ಆಯ್ಕೆಗಳೂ ವಿದ್ಯಾರ್ಥಿಗಳು ನಿಜವಾಗಿ ನಂಬುವಂಥವಾಗಿರಬೇಕು. ಈ ಉತ್ತರಗಳನ್ನು ಆಂತರಿಕ ಅಂಕಗಳಿಗೆ ಸೇರಿಸಬಹುದಲ್ಲ ಎಂಬ ಸಲಹೆ ಬಂದರೆ ದಯವಿಟ್ಟು ಒಪ್ಪಬೇಡಿ. ಅಂಕ ಬಂದ ಕ್ಷಣ ಪ್ರತಿಯೊಬ್ಬರೂ ತರಗತಿಯ ಜಾಣನ ಕಡೆಗೆ ತಿರುಗುತ್ತಾರೆ, ತಮಗೆ ಏನನ್ನಿಸುತ್ತದೆಂದು ಹೇಳುವವರು ಯಾರೂ ಉಳಿಯುವುದಿಲ್ಲ.